ಬೇತಮಂಗಲ ಎಂಬ ಕ್ಷೇತ್ರವಿತ್ತು

ನಮ್ಮ ಧರ್ಮಕೇಂದ್ರದ ಕುಟುಂಬ ದಾಖಲೆಯ ಪುಸ್ತಕ ತೀರಾ ಹಳೆಯದಾಗಿತ್ತು. ಹಬ್ಬದ ನವದಿನಗಳು ಆರಂಭವಾಗುವ ಮುನ್ನ ಅದನ್ನು ಹೊಸದಾಗಿ ಬರೆಯೋಣವೆಂದು ನಿರ್ಧರಿಸಿ, ಮನೆಯಲ್ಲಿರುವ ಯಾವುದೇ ಹಳೆಯ ಕಾಗದವಿದ್ದರೂ ತನ್ನಿ ಎಂದು ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆ ಕೊಟ್ಟಿದ್ದೆವು. ಬಂದ ಕಾಗದಗಳು ಒಂದೆರಡಲ್ಲ. ಪಡಿತರ ಚೀಟಿಗಳು, ಗಣಿ ಆಸ್ಪತ್ರೆಯ ಚೀಟಿಗಳು, ಜ್ಞಾನಸ್ನಾನದ ಹರಿದ ಪ್ರತಿಗಳು. ಕ್ಯಾಸಂಬಳ್ಳಿ ಕಡೆಯ ಹಳ್ಳಿಯೊಂದರಿಂದ ಬಂದ ವಯಸ್ಸಾದ ತಾಯಿಯೊಬ್ಬರು ಪ್ಲಾಸ್ಟಿಕ್ ಚೀಲದಿಂದ ತಮ್ಮ ದಿವಂಗತ ಪತಿಯ ಮತದಾರರ ಗುರುತಿನ ಚೀಟಿಯನ್ನು ಹೊರತೆಗೆದರು. ಫೋಟೋ ಮಾಸಿತ್ತು. ಹಿಂಬದಿಯಲ್ಲಿ ವಿಧಾನಸಭಾ ಕ್ಷೇತ್ರ ಎಂಬಲ್ಲಿ 'ಬೇತಮಂಗಲ' ಎಂದು ಅಚ್ಚಾಗಿತ್ತು.

"ಸಾಮಿ, ಇದು ನಡೆಯುತ್ತಾ? ನಮ್ಮ ಹುಡುಗ ಹೇಳ್ತಾನೆ, ಅಂಥ ಕ್ಷೇತ್ರಾನೇ ಇಲ್ಲ ಅಂತ."

ಹುಡುಗ ಹೇಳಿದ್ದು ಸರಿ. 2008ರಿಂದೀಚೆಗೆ ಬೇತಮಂಗಲ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಕರ್ನಾಟಕದಲ್ಲಿ ಇಲ್ಲ. ನಮ್ಮ ಪುಸ್ತಕಕ್ಕೆ ಬೇಕಾಗಿದ್ದದ್ದು ಆತನ ಹೆಸರು ಮತ್ತು ಊರು ಮಾತ್ರ, ಅದನ್ನು ಬರೆದುಕೊಂಡೆವು. ಆದರೆ ಆ ಚೀಟಿ ಮೇಜಿನ ಮೇಲೆ ಎರಡು ದಿನ ಉಳಿಯಿತು, ನಮ್ಮ ಮನಸ್ಸಿನಲ್ಲಿ ಇನ್ನೂ ಹೆಚ್ಚು ದಿನ ಉಳಿಯಿತು. ಒಂದು ಕ್ಷೇತ್ರ ಹೋಗುವುದೆಂದರೆ ಏನು? ಜನ ಅಲ್ಲೇ ಇದ್ದಾರೆ, ಕೆರೆ ಅಲ್ಲೇ ಇದೆ, ಊರೂ ಅಲ್ಲೇ ಇದೆ. ಹಾಗಾದರೆ ಹೋದದ್ದು ಯಾವುದು?

ಇಂಗ್ಲೆಂಡಿನ ಚರಿತ್ರೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಕಥೆಯೊಂದಿದೆ. ಓಲ್ಡ್ ಸಾರಮ್ ಎಂಬುದು ಒಂದು ಗುಡ್ಡ. ಮಧ್ಯಯುಗದಲ್ಲಿ ಅಲ್ಲಿ ಪಟ್ಟಣವಿತ್ತು, ಪ್ರಧಾನಾಲಯವೂ ಇತ್ತು. ಜನ ಕೆಳಗಿನ ಸಾಲಿಸ್‌ಬರಿಗೆ ಇಳಿದುಹೋದರು, ಪಟ್ಟಣ ಹಾಳುಬಿತ್ತು. ಆದರೂ ಆ ಬೋಳು ಗುಡ್ಡ ಶತಮಾನಗಳ ಕಾಲ ಬ್ರಿಟಿಷ್ ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು. ಮತದಾರರು ಬೆರಳೆಣಿಕೆಯಷ್ಟು, ಅವರೂ ಜಮೀನುದಾರ ಹೇಳಿದವರಿಗೇ ಮತ ಕೊಡುವವರು. ಮುಂದೆ ಪ್ರಧಾನಿಯಾದ ಹಿರಿಯ ವಿಲಿಯಂ ಪಿಟ್ 1735ರಲ್ಲಿ ಸಂಸತ್ತಿಗೆ ಕಾಲಿಟ್ಟದ್ದು ಅಲ್ಲಿಂದಲೇ. 1832ರ ಸುಧಾರಣಾ ಕಾಯಿದೆ ಬಂದ ಮೇಲಷ್ಟೇ ಆ ಕ್ಷೇತ್ರ ರದ್ದಾಯಿತು. ಅಲ್ಲಿ ಜನ ಹೋಗಿದ್ದರು, ಕ್ಷೇತ್ರ ಉಳಿದಿತ್ತು. ನಮ್ಮಲ್ಲಿ ಕ್ಷೇತ್ರ ಹೋಯಿತು, ಜನ ಉಳಿದಿದ್ದಾರೆ.

ಬೇತಮಂಗಲದ ಹೆಸರು ಸಣ್ಣದೇನಲ್ಲ. ಅದರ ಪೂರ್ವದ ಹೆಸರು ವಿಜಯಾದಿತ್ಯಮಂಗಲ. ಬಾಣ ವಂಶದ ಅರಸನಿಂದ ಬಂದ ಹೆಸರು. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಅಲ್ಲಿನ ದೊಡ್ಡ ಕೆರೆ ಒಡೆದುಹೋಗಿದ್ದಾಗ, ಹತ್ತನೆಯ ಶತಮಾನದಲ್ಲಿ ನೊಳಂಬರ ಅರಸ ಅದನ್ನು ಮತ್ತೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಸಾವಿರ ವರ್ಷಗಳ ಹಿಂದೆಯೇ ದುರಸ್ತಿಗೆ ಬಂದಿದ್ದ ಕೆರೆ ಎಂದರೆ ಅದರ ವಯಸ್ಸನ್ನು ನೀವೇ ಊಹಿಸಿಕೊಳ್ಳಬಹುದು. ಬ್ರಿಟಿಷ್ ಆಡಳಿತದ ಕಾಲದವರೆಗೂ ಈ ಸೀಮೆಯ ತಾಲ್ಲೂಕು ಕೇಂದ್ರ ಬೇತಮಂಗಲವೇ ಆಗಿತ್ತು.

ನಂತರ ರೈಲು ಬಂತು. 1864ರಲ್ಲಿ ಮದರಾಸಿನಿಂದ ಬೆಂಗಳೂರಿಗೆ ಹಳಿ ಹಾಕಿದಾಗ ಅದು ಬೇತಮಂಗಲವನ್ನು ಬಿಟ್ಟು ದೂರದಲ್ಲಿ ಹಾದುಹೋಯಿತು. ನಿಲ್ದಾಣದ ಸುತ್ತ ಬೆಳೆದ ಊರಿಗೆ ಅಂದಿನ ಕಮಿಷನರ್ ಲೆವಿನ್ ಬೌರಿಂಗ್ ಅವರ ಹೆಸರು ಬಂದು ಬೌರಿಂಗ್‌ಪೇಟೆಯಾಯಿತು. ಇಂದಿನ ನಮ್ಮ ಬಂಗಾರಪೇಟೆ. ತಾಲ್ಲೂಕು ಕಚೇರಿಯೂ ಅಲ್ಲಿಗೇ ಹೋಯಿತು. ಬೇತಮಂಗಲ ಕಳೆದುಕೊಂಡ ಮೊದಲ ಪದವಿ ಇದು.

ಎರಡನೆಯದು ನೀರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿದ ಮೇಲೆ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಜನಸಾಗರವೇ ಸೇರಿತು. ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದವರಲ್ಲಿ ನಮ್ಮ ಅನೇಕ ಕಥೋಲಿಕ ಕುಟುಂಬಗಳ ಅಜ್ಜ-ಮುತ್ತಜ್ಜರೂ ಇದ್ದರು. ಇಷ್ಟೊಂದು ಜನರಿಗೆ ಕುಡಿಯಲು ನೀರೆಲ್ಲಿಂದ? ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೇತಮಂಗಲದ ಕೆರೆಯಿಂದ ಕೊಳವೆ ಹಾಕಿ ಗಣಿಗೆ ನೀರು ಸಾಗಿಸಲಾಯಿತು. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ವಿದ್ಯುತ್ ತಂದದ್ದೂ ಈ ಗಣಿಗಾಗಿಯೇ. ಬೆಂಗಳೂರಿನ ಬೀದಿಗೆ ಅದು ತಲುಪಿದ್ದು 1905ರಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿಯೇ ಬೆಳಗುತ್ತಿತ್ತು. ಕೆರೆಯ ನೀರು ಹಳ್ಳಿಯದು, ಕೊಳಾಯಿ ಗಣಿಯದು. ಈ ಎರಡು ಲೋಕಗಳ ನಡುವಿನ ಗೆರೆ ಮತಪೆಟ್ಟಿಗೆ ಬರುವ ಮುಂಚೆಯೇ ಬಿದ್ದಾಗಿತ್ತೆಂದು ನಾವು ಹೇಳುವುದು ಇದಕ್ಕಾಗಿ.

ಈಗ ಕ್ಯಾಸಂಬಳ್ಳಿಯ ಮಾತಿಗೆ ಬರೋಣ. ನಮಗೆ ತಿಳಿದಂತೆ ಈ ಊರಿನ ಹೆಸರನ್ನು ಯಾವ ಕ್ಷೇತ್ರಕ್ಕೂ ಇಡಲಿಲ್ಲ. ಆದರೆ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯ ಹೆಸರಿನ ಮೊದಲ ಅಕ್ಷರ ಈ ಊರೇ. ಕೆ.ಸಿ. ರೆಡ್ಡಿ ಎಂದರೆ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. 1902ರಲ್ಲಿ ಹುಟ್ಟಿದವರು. ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿ 1947ರ 'ಮೈಸೂರು ಚಲೋ' ಚಳವಳಿಯನ್ನು ಮುನ್ನಡೆಸಿ, ಅದೇ ಅಕ್ಟೋಬರ್ 25ರಂದು ಜವಾಬ್ದಾರಿ ಸರ್ಕಾರದ ಮುಖ್ಯಸ್ಥರಾದರು. ಶಾಲೆಯ ಮಕ್ಕಳಿಗೆ ಇಷ್ಟು ಗೊತ್ತಿರುತ್ತದೆ. ನಾವು ಗಮನಿಸಬೇಕಾದ ಸಂಗತಿ ಬೇರೆ ಇದೆ. ಅವರು ಆ ಪದವಿಗೆ ಬಂದಾಗ ಇಲ್ಲಿನ ಕೂಲಿಯವನಿಗೆ, ಗಣಿಯ ಕಾರ್ಮಿಕನಿಗೆ ಮತವೇ ಇರಲಿಲ್ಲ. ಮೈಸೂರಿನಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು ನಿಜ. ಆದರೆ ಕಂದಾಯ ಕಟ್ಟುವವನಿಗೆ, ಓದಿದವನಿಗೆ ಮಾತ್ರ ಅಲ್ಲಿ ಮತ. ಎಲ್ಲರಿಗೂ ಒಂದೊಂದು ಮತ ಸಿಕ್ಕಿದ್ದು ಸಂವಿಧಾನ ಬಂದ ಮೇಲೆ, 1952ರ ಚುನಾವಣೆಯಲ್ಲಿ. ಆ ಚುನಾವಣೆ ಮುಗಿದ ಮೇಲೆ ರೆಡ್ಡಿಯವರು ಮುಖ್ಯಮಂತ್ರಿ ಪದವಿಯಿಂದ ಇಳಿದು ರಾಜ್ಯಸಭೆಗೆ ಹೋದರು, ನೆಹರೂ ಮಂತ್ರಿಮಂಡಲದಲ್ಲಿ ಉತ್ಪಾದನಾ ಸಚಿವರಾದರು. ತಮ್ಮ ಜಿಲ್ಲೆಯ ಜನರಿಂದ ಲೋಕಸಭೆಗೆ ಆರಿಸಿ ಹೋದದ್ದು 1957ರಲ್ಲಿ, ಕೋಲಾರ ಕ್ಷೇತ್ರದಿಂದ.

ಆ ಕೋಲಾರ ಕ್ಷೇತ್ರವೂ ಇಂದಿನಂತಿರಲಿಲ್ಲ. ಅದು ದ್ವಿಸದಸ್ಯ ಕ್ಷೇತ್ರ. ಒಂದೇ ಕ್ಷೇತ್ರದಿಂದ ಇಬ್ಬರು: ಒಬ್ಬರು ಸಾಮಾನ್ಯ ಸ್ಥಾನಕ್ಕೆ, ಇನ್ನೊಬ್ಬರು ಪರಿಶಿಷ್ಟ ಜಾತಿಗೆ ಮೀಸಲಾದ ಸ್ಥಾನಕ್ಕೆ. 1957ರಲ್ಲಿ ಕೆ.ಸಿ. ರೆಡ್ಡಿ ಮತ್ತು ದೊಡ್ಡ ತಿಮ್ಮಯ್ಯ ಜೊತೆಯಾಗಿ ಗೆದ್ದರು. ಪ್ರತಿ ಮತದಾರನ ಕೈಗೆ ಎರಡು ಮತಪತ್ರ. ಆಗ ಮುದ್ರೆ ಒತ್ತುವ ಪದ್ಧತಿಯೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ, ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರಬೇಕು. ಎರಡು ಚೀಟಿಯನ್ನೂ ಒಂದೇ ಪೆಟ್ಟಿಗೆಗೆ ಹಾಕುವಂತಿರಲಿಲ್ಲ. ಹಾಗಾಗಿ ಊರ ಗೌಡನಾಗಲಿ, ಕೇರಿಯ ಕೂಲಿಯಾಳಾಗಲಿ ಇಬ್ಬರು ಅಭ್ಯರ್ಥಿಗಳ ಬಗ್ಗೆ ಯೋಚಿಸಿಯೇ ತನ್ನ ಎರಡೂ ಮತ ಚಲಾಯಿಸಬೇಕಿತ್ತು. 1961ರಲ್ಲಿ ಕಾಯಿದೆ ಮಾಡಿ ಈ ಜೋಡಿ ಕ್ಷೇತ್ರಗಳನ್ನು ಕೈಬಿಟ್ಟರು. ಕೋಲಾರ ಒಂದೇ ಸ್ಥಾನದ ಮೀಸಲು ಕ್ಷೇತ್ರವಾಯಿತು. 1962ರಲ್ಲಿ ದೊಡ್ಡ ತಿಮ್ಮಯ್ಯ ಅಲ್ಲಿಂದ ಒಬ್ಬರೇ ಹೋದರು. ರೆಡ್ಡಿಯವರು ಮುಂದೆ 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದು 1976ರಲ್ಲಿ ತೀರಿಕೊಂಡರು.

ವಿಧಾನಸಭೆಯ ಲೆಕ್ಕದಲ್ಲಿ ನಮ್ಮ ಸೀಮೆ ಎರಡಾಗಿತ್ತು. ಗಣಿಯ ಪಟ್ಟಣ ಕೆ.ಜಿ.ಎಫ್. ಕ್ಷೇತ್ರ. ಅದರ ಸುತ್ತ ತಾಲ್ಲೂಕಿನ ಹಳ್ಳಿಗಾಡು ಬೇತಮಂಗಲ ಕ್ಷೇತ್ರ. ಕ್ಯಾಸಂಬಳ್ಳಿಯ ರೈತ ಹಾಲು ತರಕಾರಿ ಮಾರಲು ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದ, ಸಿನಿಮಾ ನೋಡಲು ಅಲ್ಲಿಗೇ ಹೋಗುತ್ತಿದ್ದ, ಹಬ್ಬದ ತೇರಿಗೂ ಅಲ್ಲಿಗೇ. ಮತ ಹಾಕುವಾಗ ಮಾತ್ರ ಅವನದು ಬೇರೆ ಕ್ಷೇತ್ರ, ಬೇರೆ ಅಭ್ಯರ್ಥಿ. ಹಳ್ಳಿಯಲ್ಲಿ ಕನ್ನಡ, ತೆಲುಗು. ಗಣಿಯ ಲೈನ್ ಮನೆಗಳಲ್ಲಿ ತಮಿಳು. ಹಳ್ಳಿಯ ಭಾಷಣದಲ್ಲಿ ಮಳೆ, ಕೊಳವೆಬಾವಿ, ರೇಷ್ಮೆ ಗೂಡಿನ ಬೆಲೆ; ಗಣಿಯ ಭಾಷಣದಲ್ಲಿ ಬೋನಸ್ಸು, ಶಿಫ್ಟು, ಲೈನ್ ಮನೆ.

ಗಣಿಯ ಕ್ಷೇತ್ರದ ಕಥೆ ಕರ್ನಾಟಕದಲ್ಲಿ ಇನ್ನೆಲ್ಲೂ ಇಲ್ಲದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳದೆ ಬೇತಮಂಗಲದ ಅಂತ್ಯ ಅರ್ಥವಾಗುವುದಿಲ್ಲ. 1930ರಲ್ಲಿ ಕಂಪನಿಯವರು ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಕೆಲಸ ಬಿಟ್ಟು ಹೊರಬಂದರು. ಬೆರಳಚ್ಚು ಕಳ್ಳರಿಂದ ತೆಗೆಯುವಂಥದ್ದು, ನಾವೇನು ಕಳ್ಳರೇ ಎಂಬ ಭಾವನೆ. 1946ರ ನವೆಂಬರ್ 4ರಂದು ಮುಷ್ಕರದ ನಡುವೆ ಪೊಲೀಸರ ಕೈಯಲ್ಲಿ ಆರು ಮಂದಿ ಕಾರ್ಮಿಕರು ಪ್ರಾಣ ತೆತ್ತರು. ಇಂಥ ಜನ 1952ರಲ್ಲಿ ಮೊದಲ ಬಾರಿಗೆ ಮತ ಹಾಕಲು ಸಾಲುಗಟ್ಟಿದರು. ಕಂಪನಿಗೆ ಬೆರಳಚ್ಚು ಕೊಡಲು ಒಲ್ಲದ ಕೈ ಚುನಾವಣಾ ಶಾಯಿಗೆ ತಾನಾಗಿ ಬೆರಳು ಚಾಚಿತು. ಆ ವರ್ಷ ಗಣಿಯ ಕ್ಷೇತ್ರವೂ ದ್ವಿಸದಸ್ಯ ಕ್ಷೇತ್ರ; ಗೆದ್ದವರಲ್ಲಿ ಒಬ್ಬರು ಕಾರ್ಮಿಕ ನಾಯಕ ಕೆ.ಎಸ್. ವಾಸನ್, ಕಮ್ಯುನಿಸ್ಟ್ ಪಕ್ಷದವರು. ಇನ್ನೊಬ್ಬರು ಡಾ. ಅಂಬೇಡ್ಕರ್ ಅವರ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನವರು.

ಮುಂದಿನ ಐವತ್ತು ವರ್ಷ ಈ ಪಟ್ಟಣ ತನ್ನದೇ ದಾರಿ ಹಿಡಿಯಿತು. ರಿಪಬ್ಲಿಕನ್ ಪಕ್ಷದ ಸಿ.ಎಂ. ಆರುಮುಗಂ ಒಂದಕ್ಕಿಂತ ಹೆಚ್ಚು ಸಲ ಗೆದ್ದರು. 1983, 1989 ಮತ್ತು 1999ರಲ್ಲಿ ಅಣ್ಣಾ ಡಿ.ಎಂ.ಕೆ.ಯ ಎಂ. ಭಕ್ತವತ್ಸಲಂ, 1985ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಟಿ.ಎಸ್. ಮಣಿ, 1994 ಮತ್ತು 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. ಬೆಂಗಳೂರಿನಲ್ಲಿ ಯಾರೇ ಅಧಿಕಾರ ಹಿಡಿಯಲಿ, ಕೆ.ಜಿ.ಎಫ್.ನ ಸದಸ್ಯ ಹೆಚ್ಚಾಗಿ ಒಂಟಿ ಕುರ್ಚಿಯಲ್ಲೇ ಕೂರುತ್ತಿದ್ದರು. ಇದರಿಂದ ಪಟ್ಟಣಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂಬ ವಾದ ನಮ್ಮ ಕಥೋಲಿಕ ಸಂಘದ ಹಿರಿಯರ ನಡುವೆ ಇನ್ನೂ ಮುಗಿದಿಲ್ಲ. ಯಾರಿಗೆ ಮತ ಹಾಕಬೇಕಿತ್ತೆಂದು ಹೇಳುವುದು ಗುರುಗಳ ಕೆಲಸವಲ್ಲ. ಆದರೆ ಒಂದನ್ನು ಹೇಳಬಹುದು: ಕತ್ತಲಲ್ಲಿ ಭೂಮಿಯಡಿ ದುಡಿದವರಿಗೆ ವಿಧಾನಸೌಧದಲ್ಲಿ ತಮ್ಮವನೊಬ್ಬನ ದನಿ ಕೇಳುತ್ತಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಗಣಿಯಲ್ಲಿ ನಮ್ಮ ಆಂಗ್ಲೋ ಇಂಡಿಯನ್ ಕುಟುಂಬಗಳೂ ಸಾಕಷ್ಟಿದ್ದವು. ಅವರಿಗೆ ಯಾವ ಭೂಪಟದಲ್ಲೂ ಗೆರೆ ಎಳೆಯದ ಒಂದು ಪ್ರಾತಿನಿಧ್ಯವಿತ್ತು. ವಿಧಾನಸಭೆಗೆ ಆ ಸಮುದಾಯದ ಒಬ್ಬರನ್ನು ರಾಜ್ಯಪಾಲರು ನಾಮಕರಣ ಮಾಡುತ್ತಿದ್ದರು. 104ನೆಯ ತಿದ್ದುಪಡಿಯೊಂದಿಗೆ 2020ರ ಜನವರಿಯಲ್ಲಿ ಅದೂ ಕೊನೆಗೊಂಡಿತು. ಆ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿದ್ದರು. ಹೆಚ್ಚು ಸದ್ದಾಗಲಿಲ್ಲ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಜನ ದುಡಿದ ಗಣಿ. ಅದರ ಮರುವರ್ಷವೇ, 2002ರಲ್ಲಿ, ದೇಶದ ಕ್ಷೇತ್ರಗಳ ಗೆರೆಗಳನ್ನು ಮತ್ತೆ ಎಳೆಯಲು ಕ್ಷೇತ್ರ ಪುನರ್ವಿಂಗಡಣಾ ಆಯೋಗ ಬಂತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದರ ಅಧ್ಯಕ್ಷರು. ಕೆಲಸದ ಸೂತ್ರ ಸರಳ: 2001ರ ಜನಗಣತಿಯಂತೆ ಪ್ರತಿ ಕ್ಷೇತ್ರದಲ್ಲೂ ಹೆಚ್ಚು ಕಡಿಮೆ ಸಮಾನ ಜನಸಂಖ್ಯೆ ಇರಬೇಕು. ರಾಜ್ಯದ ಒಟ್ಟು 224 ಸ್ಥಾನ ಹೆಚ್ಚುವಂತಿಲ್ಲ, ಕಡಿಮೆಯಾಗುವಂತಿಲ್ಲ. ಹಾಗಾದರೆ ಒಂದು ಕಡೆ ಕೂಡಿಸಬೇಕಾದರೆ ಇನ್ನೊಂದು ಕಡೆ ಕಳೆಯಲೇಬೇಕು. ಬೆಂಗಳೂರು ನಗರ ಉಬ್ಬಿತ್ತು. ಅದರ ಕ್ಷೇತ್ರಗಳು 16ರಿಂದ 28ಕ್ಕೇರಿದವು. ಅಷ್ಟನ್ನು ಬಿಟ್ಟುಕೊಟ್ಟದ್ದು ಉಳಿದ ಜಿಲ್ಲೆಗಳು.

ಹಳೆಯ ಕೋಲಾರ ಜಿಲ್ಲೆಯಲ್ಲಿ 12 ಕ್ಷೇತ್ರಗಳಿದ್ದವು. ಈಗ ಕೋಲಾರಕ್ಕೆ 6, 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರಕ್ಕೆ 5, ಒಟ್ಟು 11. ವೇಮಗಲ್ ಕ್ಷೇತ್ರ ಇಲ್ಲವಾಯಿತು. ಅಲ್ಲಿಂದ ಗೆದ್ದಿದ್ದ ಕೃಷ್ಣ ಬೈರೇಗೌಡರು 2008ರಲ್ಲಿ ಬೆಂಗಳೂರಿನ ಬ್ಯಾಟರಾಯನಪುರಕ್ಕೆ ಹೋದರು. ಹಳ್ಳಿಯ ಸ್ಥಾನ ನಗರಕ್ಕೆ ಹೋದದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ. ಬೇತಮಂಗಲವನ್ನು ಮಾತ್ರ ಅಳಿಸಿದ್ದಲ್ಲ, ಸೀಳಿದರು. ಬಂಗಾರಪೇಟೆ, ಬೂದಿಕೋಟೆ, ಕಾಮಸಮುದ್ರದ ಕಡೆಯೆಲ್ಲ ಬಂಗಾರಪೇಟೆ ಕ್ಷೇತ್ರವಾಯಿತು. ಬೇತಮಂಗಲ ಮತ್ತು ಕ್ಯಾಸಂಬಳ್ಳಿ ಹೋಬಳಿಗಳನ್ನು ಕೆ.ಜಿ.ಎಫ್.ಗೆ ಸೇರಿಸಿದರು. ಸೀಳಿದ ಎರಡು ತುಂಡುಗಳಲ್ಲಿ ಯಾವುದಕ್ಕೂ ಹಳೆಯ ಹೆಸರು ಉಳಿಯಲಿಲ್ಲ. 2004ರಲ್ಲಿ ನಡೆದದ್ದೇ ಬೇತಮಂಗಲ ಕ್ಷೇತ್ರದ ಕೊನೆಯ ಚುನಾವಣೆ. 2008ರ ಮೇ ತಿಂಗಳಲ್ಲಿ, ಹೊಸ ಗೆರೆಗಳ ಮೇಲೆ ಇಡೀ ದೇಶದಲ್ಲಿ ಮೊದಲು ಮತ ಹಾಕಿದ ರಾಜ್ಯ ನಮ್ಮದು.

ಆಗ ನಾವಿನ್ನೂ ಗುರುಮಠದಲ್ಲಿ ಬ್ರದರ್ ಆಗಿದ್ದೆವು. ಬೇಸಿಗೆ ರಜೆಯಲ್ಲಿ ಈ ಕಡೆ ಬಂದಾಗ, ಮತಗಟ್ಟೆಯಿಂದ ಹೊರಬಂದ ಹಿರಿಯರೊಬ್ಬರು ಶಾಯಿ ಹಚ್ಚಿದ ಬೆರಳನ್ನು ತೋರಿಸುತ್ತಾ, ಮಗಳನ್ನು ಕೊಟ್ಟ ಮನೆಯಲ್ಲಿ ಮೊದಲ ಊಟ ಮಾಡಿದಂತಾಯಿತು ಎಂದು ನಕ್ಕದ್ದು ನೆನಪಿದೆ. ಬಡಿಸಿದ್ದೆಲ್ಲ ಚೆನ್ನಾಗಿದ್ದರೂ ತಟ್ಟೆ ನಮ್ಮದಲ್ಲ ಎಂಬ ಸಂಕೋಚ.

ಬದಲಾದದ್ದು ಹಳ್ಳಿ ಮಾತ್ರವಲ್ಲ. ಗಣಿಯೂ ಬದಲಾಯಿತು. ಎರಡು ಹೋಬಳಿಗಳ ಹಳ್ಳಿಗರು ಬಂದು ಸೇರಿದ ಮೇಲೆ ಪಟ್ಟಣದ ಮತವಷ್ಟೇ ಸಾಲದಾಯಿತು. 2008ರಲ್ಲಿ ಭಾರತೀಯ ಜನತಾ ಪಕ್ಷದ ವೈ. ಸಂಪಂಗಿ ಗೆದ್ದರು, 2013ರಲ್ಲಿ ಅದೇ ಪಕ್ಷದ ವೈ. ರಾಮಕ್ಕ, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಎಂ. ರೂಪಕಲಾ. ರಿಪಬ್ಲಿಕನ್ ಪಕ್ಷವಾಗಲಿ, ಅಣ್ಣಾ ಡಿ.ಎಂ.ಕೆ.ಯಾಗಲಿ, ಕಮ್ಯುನಿಸ್ಟರಾಗಲಿ ಆಮೇಲೆ ಇಲ್ಲಿ ಗೆಲ್ಲಲಿಲ್ಲ. ಗಣಿ ಮುಚ್ಚಿ, ಜನ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದ ಕಾಲದಲ್ಲೇ ಅವರ ಪಾಲಿನ ಒಂಟಿ ಕುರ್ಚಿಯೂ ಹೋಯಿತು. ಗೆರೆ ಎಳೆದವರಿಗೆ ಇಂಥ ಉದ್ದೇಶವಿತ್ತೆಂದು ನಾವು ಹೇಳುತ್ತಿಲ್ಲ. ಅವರು ತಲೆ ಎಣಿಸಿದರು, ನ್ಯಾಯವಾಗಿಯೇ ಎಣಿಸಿದರು. ಒಬ್ಬನ ಮತಕ್ಕೆ ಇನ್ನೊಬ್ಬನ ಮತದಷ್ಟೇ ತೂಕವಿರಬೇಕೆಂಬುದು ಓಲ್ಡ್ ಸಾರಮ್ ಗುಡ್ಡದ ಅನ್ಯಾಯಕ್ಕೆ ಜಗತ್ತು ಕಂಡುಕೊಂಡ ಮದ್ದು. ಆದರೆ ಲೈನ್ ಮನೆಯವರ ಕಷ್ಟಕ್ಕೂ ಒಣಗಿದ ಕೆರೆಯ ಕೆಳಗಿನ ರೈತನ ಕಷ್ಟಕ್ಕೂ ಒಬ್ಬನೇ ದನಿಯಾಗಬೇಕಾದಾಗ ಎರಡರಲ್ಲಿ ಒಂದು ಮೆಲುದನಿಯಾಗುತ್ತದೆ. ಈ ನಷ್ಟವನ್ನು ಜನಗಣತಿಯ ಕೋಷ್ಟಕ ತೋರಿಸುವುದಿಲ್ಲ.

ಒಳ್ಳೆಯದೂ ಆಯಿತೆಂದು ಒಪ್ಪಬೇಕು. ಶತಮಾನ ಕಾಲ ಗಣಿಗೆ ನೀರು ಕೊಟ್ಟ ಬೇತಮಂಗಲ ಮತ್ತು ನೀರು ಕುಡಿದ ಗಣಿ ಮೊದಲ ಬಾರಿಗೆ ಒಬ್ಬನೇ ಶಾಸಕನ ಬಾಗಿಲು ತಟ್ಟುವಂತಾಯಿತು. ಕೆರೆಯ ಹೂಳು ಈಗ ಪಟ್ಟಣದ ಪ್ರಶ್ನೆಯೂ ಹೌದು. 2018ರಲ್ಲಿ ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕಾದಾಗ ರಾಬರ್ಟ್‌ಸನ್‌ಪೇಟೆಯ ಜೊತೆಗೆ ಸೇರಿದ್ದು ಇವೇ ಎರಡು ಹೋಬಳಿಗಳು. ಕ್ಯಾಸಂಬಳ್ಳಿಯವರು ಪಹಣಿಗಾಗಿ ಬಂಗಾರಪೇಟೆಗೆ ಅಲೆಯುವುದು ತಪ್ಪಿತು. ಮೊದಲು ಮತದ ಗೆರೆ, ಅದರ ಹಿಂದೆಯೇ ಕಚೇರಿಯ ಗೆರೆ. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದ ಬೇತಮಂಗಲ ಈ ಸಲವೂ ಹೋಬಳಿಯಾಗಿಯೇ ಉಳಿಯಿತು.

ಗೆರೆಗಳ ವಿಷಯದಲ್ಲಿ ಧರ್ಮಸಭೆಗೂ ಅನುಭವ ಇಲ್ಲದಿಲ್ಲ. 1940ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದ ಬೆಂಗಳೂರು ಬೇರೆಯಾದಾಗ ನಮ್ಮ ಕೋಲಾರ ಸೀಮೆ ಬೆಂಗಳೂರಿನ ಪಾಲಿಗೆ ಬಂತು. ಆದರೂ ಜ್ಞಾನಸ್ನಾನದ ಹಳೆಯ ಪುಸ್ತಕಗಳನ್ನು ಯಾರೂ ಎಸೆಯಲಿಲ್ಲ. ಯಾವ ಗೆರೆಯೊಳಗೆ ಬರೆದ ಹೆಸರಾದರೂ ಅದು ಇಂದಿಗೂ ದಾಖಲೆಯೇ. ಮದುವೆಗೆ ಬೇಕೆಂದರೆ ನಕಲು ಬರೆದು ಕೊಡುತ್ತೇವೆ. ಚುನಾವಣೆಯ ಪಟ್ಟಿಗೆ ಆ ಪದ್ಧತಿ ಇಲ್ಲ. ಹೊಸ ಪಟ್ಟಿ ಬಂದೊಡನೆ ಹಳೆಯದು ರದ್ದಿ.

ಈ ಗೆರೆಗಳು ಮತ್ತೆ ಸರಿಯಲಿವೆ. 2001ರ 84ನೆಯ ತಿದ್ದುಪಡಿಯಂತೆ, 2026ರ ನಂತರದ ಮೊದಲ ಜನಗಣತಿಯವರೆಗೆ ಸ್ಥಾನಗಳ ಸಂಖ್ಯೆಯನ್ನು ಮುಟ್ಟುವಂತಿಲ್ಲ. ಆ ಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಲಾಗಿದೆ. ಹಿಂದೆ ಆಯೋಗ ತನ್ನ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಿತ್ತು, ಬಹಿರಂಗ ಸಭೆಗಳನ್ನೂ ನಡೆಸಿತ್ತು. ನಮ್ಮ ಹಳ್ಳಿಗಳಿಂದ ಎಷ್ಟು ಮಂದಿ ಹೋಗಿ ಮಾತಾಡಿದರೆಂದು ಹಿರಿಯರನ್ನು ಕೇಳಿ ನೋಡಿದೆವು. ಹೋದೆವೆಂದು ಹೇಳಿದವರು ಒಬ್ಬರೂ ಸಿಗಲಿಲ್ಲ. ಅಂಥ ಸಭೆ ಇರುತ್ತದೆಂದೇ ಗೊತ್ತಿರಲಿಲ್ಲ ಎಂದವರೇ ಹೆಚ್ಚು. ಮುಂದಿನ ಬಾರಿ ಕರಡು ಬಂದಾಗ ಅದರ ಪ್ರತಿಯನ್ನು ದೇವಾಲಯದ ಫಲಕಕ್ಕೆ ಹಾಕಬೇಕೆಂದು ನಮ್ಮ ಪಾಲನಾ ಸಮಿತಿಯ ನಡಾವಳಿಯಲ್ಲಿ ಬರೆಸಿದ್ದೇವೆ.

ಆ ತಾಯಿ ಎರಡು ದಿನ ಬಿಟ್ಟು ಚೀಟಿಗಾಗಿ ಬಂದರು. ಇದರಿಂದ ಇನ್ನು ಮತ ಹಾಕಲಾಗದು, ಆದರೆ ಜೋಪಾನವಾಗಿ ಇಟ್ಟುಕೊಳ್ಳಿ ಅಮ್ಮಾ ಎಂದೆವು. "ಮತ ಹಾಕೋಕೆ ಅವರೇ ಇಲ್ಲವಲ್ಲ ಸಾಮಿ. ಅವರ ಫೋಟೋ ಅಂತ ಇರೋದು ಇದೊಂದೇ" ಎಂದು ಹೇಳಿ ಮತ್ತೆ ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.